ಎರಡನೇ ಸಲದ ಹಾಡು

“ಇನ್ನೊಂದ್ಸಲ ಹಾಡೇ ಬೋಸುಡಿ, ಹೆಣ ಎಲ್ಲಿಗೂ ಓಡೋಗಲ್ಲ” ಅಂದ ಮೇಸ್ತ್ರಿ.

ಅವಳು ಗಂಡನ ಕಾಲ ಬಳಿ ಕೂತಿದ್ದಳು. ಬೆಳಿಗ್ಗೆ ಕ್ವಾರಿಯಲ್ಲಿ ಬಂಡೆ ಉರುಳಿ ಅವನ ಎದೆಯ ಮೇಲೆ ಬಿದ್ದಿತ್ತು. ಹೆಣ ತಂದು ಶೆಡ್ಡಿನ ನೆಲದ ಮೇಲೆ ಮಲಗಿಸಿದಾಗಲೂ ಆಚೆ ಜಲ್ಲಿ ಮಿಷನ್ನು ಗಡಗಡ ಅನ್ನುತ್ತಲೇ ಇತ್ತು. ಆ ಸದ್ದಿನೊಳಗೇ ಅವಳು ಹಾಡಿ ಮುಗಿಸಿದ್ದಳು.

ಗುಡ್ಡ ಬಿಟ್ಟು ಬರುವಾಗ ಅವಳ ಜನ ಹೊತ್ತು ತಂದದ್ದು ಆ ಹಾಡೊಂದೇ. ಸತ್ತವರನ್ನು ಹೆಸರು ಹಿಡಿದು ಕರೆದು, ದಾರಿ ಹೇಳಿ ಕಳಿಸುವ ಹಾಡು. ಒಂದು ಹೆಣಕ್ಕೆ ಒಂದೇ ಸಲ. ಎರಡನೇ ಸಲ ಹಾಡಿದರೆ ಬದುಕಿದವರೊಬ್ಬರ ಹೆಸರು ಕರೆಯಬೇಕು. ಕರೆಸಿಕೊಂಡವರು ಸತ್ತವರ ಹಿಂದೆಯೇ ಹೊರಡಬೇಕು. ಅವಳಿಗೆ ಉಳಿದಿದ್ದವರು ಕಣ್ಣು ಕಾಣದ ಅತ್ತೆ, ಮೊಲೆ ಬಿಡದ ಮಗಳು.

ಹಾಡು ರೆಕಾರ್ಡ್ ಮಾಡಿಕೊಳ್ಳಲು ಪಟ್ಟಣದಿಂದ ಬಂದ ಸಂಶೋಧಕರೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದರು. ಈ ಹಾಡು ಬಲ್ಲವರು ಬೇರೆ ಯಾರೂ ಇಲ್ಲ, ನಿನ್ನ ಜೊತೆಗೇ ಇದೂ ಮಣ್ಣಾಗುತ್ತೆ, ಉಳಿಸಬೇಕು ಎಂದು ಮೆತ್ತಗೆ ಹೇಳಿದರು. ಮೊದಲ ಸಲದ ರೆಕಾರ್ಡಿಂಗಿನಲ್ಲಿ ಜಲ್ಲಿ ಮಿಷನ್ನಿನ ಸದ್ದು ಸೇರಿಬಿಟ್ಟಿತ್ತಂತೆ.

ಮೇಸ್ತ್ರಿ ಬಾಗಿಲಲ್ಲಿ ನಿಂತು ಕೈ ಬೀಸಿದ. ಗಂಡ ಸತ್ತಾಗ ನಿಲ್ಲದ ಮಿಷನ್ನು ನಿಂತಿತು.

ಅವಳು ಹಾಡಿನ ಕಟ್ಟಳೆ ಹೇಳಿ ಕೈ ಮುಗಿದಳು. ಆ ನಂಬಿಕೆಯನ್ನೂ ಬರೆದುಕೊಂಡಿದ್ದೇನೆ ಅಂದರು ಸಂಶೋಧಕರು.

“ಬೇಡ ಸ್ವಾಮಿ. ಮನೇಲಿ ಕೂಸಿದೆ.”

“ಮನೆಯಾ? ನಿಮ್ಮಪ್ಪಂದೇನೇ ಮನೆ?” ಮೇಸ್ತ್ರಿ ಗೋಡೆಗೆ ಒದ್ದ. “ಶೆಡ್ಡು ಧಣೀದು. ಹಾಡು. ಇಲ್ಲಾ ಹೆಣ, ಮುದುಕಿ, ಕೂಸು ಎಲ್ಲಾ ಎತ್ಕೊಂಡು ಈಗ್ಲೇ ನಡಿ.”

ಹಾಗೆಲ್ಲ ಹೆದರಿಸಬಾರದು ಅಂದರು ಸಂಶೋಧಕರು. ಅನ್ನುತ್ತಲೇ ಮೈಕನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದರು.

ಅತ್ತೆ ತಡವರಿಸುತ್ತ ಬಂದು, ಗುಡ್ಡದ ಮಾತಿನಲ್ಲಿ ಅವಳ ಕಿವಿಗೆ ಹೇಳಿದಳು: “ನನ್ನ ಕರಿ, ಮಗಾ. ಉಂಡಿದ್ದು ಸಾಕಾಯ್ತು.”

ಅವಳು ತೊಡೆಯ ಮೇಲಿದ್ದ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಸಾಹೇಬ್ರೇ, ನಿಮ್ಮ ಹೆಸರು?”

ಬಂದಾಗಿನಿಂದ ಯಾರೂ ಅದನ್ನು ಕೇಳಿರಲಿಲ್ಲ. ಅವರಿಗೆ ಖುಷಿಯಾಗಿ ತಂದೆಯ ಹೆಸರನ್ನೂ ಸೇರಿಸಿ ಹೇಳಿದರು. ಅವರ ರೆಕಾರ್ಡರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಹೊತ್ತಿತು.

ಅವಳು ಹಾಡಿದಳು. ಹೆಸರು ಕರೆಯುವ ಸಾಲು ಬಂತು. ತಮ್ಮ ಹೆಸರು ಕಿವಿಗೆ ಬಿದ್ದದ್ದೇ ಸಂಶೋಧಕರ ಬೆರಳು ರೆಕಾರ್ಡರ್ ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ. ಇಷ್ಟು ಸ್ಪಷ್ಟವಾಗಿ ಆ ಹಾಡು ಇನ್ನೊಮ್ಮೆ ಸಿಗುವಂತಿರಲಿಲ್ಲ.

ಅವಳು ಅವರ ಕಣ್ಣನ್ನೇ ನೋಡುತ್ತ, ತಂದೆಯ ಹೆಸರನ್ನೂ ಬಿಡದೆ, ದಾರಿ ಹೇಳತೊಡಗಿದಳು.