ಯಾವ ಅತ್ತೆ, ಯಾವ ವರ್ಷ?

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಮೇಡಂ ಕೈಯಿಂದ ವಾಪಸು ಬಂದಾಗ ಕೆಂಪು ಮಸಿಯಲ್ಲಿ ಮಿಂದೆದ್ದಿತ್ತು. ‘ಅತ್ತೆ ಹೇಳುವಂತೆ’ ಎಂದು ನಾನು ಬರೆದಲ್ಲೆಲ್ಲ ಸುತ್ತ ಒಂದು ವೃತ್ತ, ಪಕ್ಕದಲ್ಲಿ ಅದೇ ಪ್ರಶ್ನೆ: ‘ಯಾವ ಅತ್ತೆ? ಯಾವ ವರ್ಷ?’ ನನಗಿರುವುದು ಒಬ್ಬರೇ ಅತ್ತೆ, ಅವರು ವರ್ಷವಿಡೀ ಹೇಳುತ್ತಲೇ ಇರುತ್ತಾರೆ ಎಂದು ಅಲ್ಲೇ ಅಂಚಿನಲ್ಲಿ ಗೀಚಿಬಿಡೋಣ ಅನ್ನಿಸಿತು. ಗೀಚಲಿಲ್ಲ. ಡಾಕ್ಟರೇಟ್ ಬೇಕಾಗಿರುವುದು ನನಗೆ, ಮೇಡಂಗೆ ಅದು ಯಾವತ್ತೋ ಸಿಕ್ಕಾಗಿದೆ.

ಈ ಮೇಡಂ ನನ್ನ ಮಾರ್ಗದರ್ಶಕಿ. ವಿಭಾಗದವರೆಲ್ಲ ಬೆನ್ನ ಹಿಂದೆ ಅವರನ್ನು ಅಲ್ಪವಿರಾಮ ಮೇಡಂ ಅನ್ನುತ್ತಾರೆ. ಜನ ಪ್ರಬಂಧವನ್ನು ಮೊದಲ ಪುಟದಿಂದ ಓದಿದರೆ ಇವರು ಕೊನೆಯ ಆಕರ ಸೂಚಿಯಿಂದ ಶುರು ಮಾಡುತ್ತಾರೆ. ಲೇಖಕರ ಹೆಸರು, ಕಂಸದಲ್ಲಿ ವರ್ಷ, ಒಂದು ಚುಕ್ಕೆ, ಓರೆ ಅಕ್ಷರದಲ್ಲಿ ಪುಸ್ತಕದ ಹೆಸರು, ಮತ್ತೊಂದು ಚುಕ್ಕೆ, ಪ್ರಕಾಶಕರು. ಒಂದು ಚುಕ್ಕೆ ಜಾಗ ತಪ್ಪಿದರೂ ಊಟದಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಮಾಡುತ್ತಾರೆ. ನನ್ನ ಚುಕ್ಕೆಗಳನ್ನೆಲ್ಲ ನಾನು ಸರಿಮಾಡಿಕೊಂಡಿದ್ದೆ. ಅತ್ತೆಯನ್ನು ಎಲ್ಲಿ ಕೂರಿಸುವುದು ಎಂಬುದೊಂದು ತಿಳಿದಿರಲಿಲ್ಲ.

ನನ್ನ ವಿಷಯ, ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ಹೆಂಗಸರ ಜಾಣ್ಮೆ. ನಾಲ್ಕನೆಯ ಅಧ್ಯಾಯ ಪೂರ್ತಿ ಅತ್ತೆಯ ‘ಬೆಳೆಯುವ ಮಡಿಕೆ’ಯ ಮೇಲೆ ನಿಂತಿದೆ. ಮಕ್ಕಳ ಫ್ರಾಕು ಹೊಲಿಯುವಾಗ ಅತ್ತೆ ಕೆಳಗಂಚಿನಲ್ಲಿ ಒಂದು ಮಡಿಕೆ, ಸೊಂಟದ ಪಟ್ಟಿಯೊಳಗೆ ಇನ್ನೊಂದು ಮಡಿಕೆ ಬಚ್ಚಿಟ್ಟು, ಕಚ್ಚಾ ಹೊಲಿಗೆ ಹಾಕಿ ಬಿಡುತ್ತಾರೆ. ಮಗು ಬೆಳೆದ ಹಾಗೆ ತಾಯಂದಿರು ಒಂದೊಂದೇ ಬಿಚ್ಚಿಕೊಂಡರೆ ಫ್ರಾಕೂ ಬೆಳೆಯುತ್ತದೆ. ನಮ್ಮ ಬೀದಿಯ ಅರ್ಧ ಮಕ್ಕಳು ಆ ಫ್ರಾಕಿನಲ್ಲೇ ದೊಡ್ಡವರಾದದ್ದು. ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ ಅತ್ತೆಯ ಉತ್ತರ ಸಿದ್ಧವಾಗಿರುತ್ತಿತ್ತು: ಯಾರೂ ಕಲಿಸಲಿಲ್ಲ, ಹೊಟ್ಟೆಪಾಡು ಕಲಿಸಿತು.

ಮೇಡಂ ನಿಯಮ ಹೇಳಿದರು. ಬಾಯಿಮಾತಲ್ಲಿ ಕೇಳಿದ್ದಾದರೆ ವಾಕ್ಯದ ಪಕ್ಕದಲ್ಲೇ ಕಂಸ ಹಾಕಿ, ಹೇಳಿದವರ ಹೆಸರು, ‘ವೈಯಕ್ತಿಕ ಸಂವಹನ’, ದಿನಾಂಕ, ಇಷ್ಟು ಬರೆಯಬೇಕು. ಕೊನೆಯ ಸೂಚಿಗೆ ಸೇರಿಸುವ ಹಾಗಿಲ್ಲ. ಸೂಚಿಯಲ್ಲಿರುವುದನ್ನು ಯಾರು ಬೇಕಾದರೂ ಹುಡುಕಿ ನೋಡುವಂತಿರಬೇಕು; ಓದುವವರೆಲ್ಲ ನಮ್ಮ ಅಡುಗೆಮನೆಗೆ ಬಂದು ಅತ್ತೆಯನ್ನು ಕೇಳಲಾದೀತೇ ಎಂದರು. ಮಾತು ನ್ಯಾಯವಾಗಿತ್ತು. ನಾನು ಹಾಗೆಯೇ ತಿದ್ದಿದೆ.

ಆದರೆ ನನ್ನ ಗಂಡ ಎಂಬ ಮಹಾನುಭಾವರು ಅಷ್ಟರಲ್ಲಿ ತಮ್ಮ ಪಾಲಿನ ಕೆಲಸ ಮಾಡಿ ಮುಗಿಸಿದ್ದರು. ಪುಸ್ತಕದ ಕೊನೆಯಲ್ಲಿ ದೊಡ್ಡ ದೊಡ್ಡವರ ಹೆಸರಿನ ಸಾಲಿನಲ್ಲಿ ನಿನ್ನ ಹೆಸರೂ ಬರುತ್ತದೆ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದರು. ಅತ್ತೆ ಅದನ್ನು ಅಳತೆ ಕೊಡಲು ಬಂದವರಿಗೆಲ್ಲ ಹೇಳಿದ್ದರು. ಟೇಪು ಸುತ್ತಿಕೊಂಡು ಅಲುಗಾಡದೆ ನಿಂತ ಗಿರಾಕಿ ಕೇಳದೆ ಎಲ್ಲಿಗೆ ಹೋಗಬೇಕು? ತಿದ್ದಿದ ಪ್ರತಿ ಮನೆಗೆ ಬಂದ ಸಂಜೆ ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಸೀದಾ ಕೊನೆಯ ಪುಟಗಳನ್ನು ತೆಗೆದರು. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದರು, ಮತ್ತೊಮ್ಮೆ ಬಂದರು.

“ನಾನಿಲ್ವಲ್ಲೇ ಇದ್ರಲ್ಲಿ,” ಎಂದರು.

ನಾನು ಒಳಗಿನ ಕಂಸ ತೋರಿಸಿದೆ, ನಿಯಮ ಹೇಳಿದೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು, ಎದ್ದು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಮ್ಮತ್ತೆ ಆರೋಗ್ಯವಾಗಿದ್ದಾರೆ ಎಂದು ನಮಗೆ ತಿಳಿಯುವುದೇ ಅವರ ಬೈಗುಳದಿಂದ. ಆ ವಾರ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಗಿರಾಕಿಗಳು ಪುಸ್ತಕ ಬಂತಾ ಎಂದು ಕೇಳಿದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಉತ್ತರ ತಪ್ಪಿಸುತ್ತಿದ್ದರು. ನನ್ನ ಗಂಡನಿಗೆ ಅತ್ತ ದರಿ, ಇತ್ತ ಪುಲಿ. ಅವರು ಮೂರನೆಯ ದಿಕ್ಕು ಹಿಡಿದು ಆಫೀಸಿನಲ್ಲೇ ಉಳಿದುಕೊಳ್ಳತೊಡಗಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಲ್ಪವಿರಾಮ ಮೇಡಂ ಕಾಲ ನಡೆದಿತ್ತು.

ಕೊನೆಗೆ ನಾನೇ ಮೇಡಂ ಮುಂದೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಕೊಂಡೆ. ಅವರು ನಗಲಿಲ್ಲ. ಗ್ರಂಥಾಲಯದಲ್ಲಿ ಧ್ವನಿ ಸಂಗ್ರಹವಿದೆ, ಅಲ್ಲಿ ನಿಮ್ಮತ್ತೆಯ ಮಾತು ದಾಖಲಾದರೆ ಅದಕ್ಕೊಂದು ಕ್ರಮಸಂಖ್ಯೆ ಸಿಗುತ್ತದೆ, ಯಾರು ಬೇಕಾದರೂ ಹೋಗಿ ಕೇಳಬಹುದು, ಆಗ ಸೂಚಿಯಲ್ಲಿ ಧಾರಾಳವಾಗಿ ಹಾಕಿ ಎಂದರು. ಇಷ್ಟು ಸುಲಭದ ದಾರಿಯನ್ನು ಮೊದಲೇ ಹೇಳಬಾರದಿತ್ತೇ ಎಂದು ಒಳಗೊಳಗೇ ಬೈದುಕೊಂಡು ಮನೆಗೆ ಓಡಿದೆ.

ಅತ್ತೆ ತಾವೇ ಹೊಲಿದ ಹೊಸ ರವಿಕೆ ತೊಟ್ಟು ಬಂದರು. ಗ್ರಂಥಾಲಯದ ಹಿಂಬದಿಯಲ್ಲಿ ದಪ್ಪ ಪರದೆ ಎಳೆದ ಪುಟ್ಟ ಕೋಣೆ, ಒಂದು ಮೇಜು, ಮೇಜಿನ ಮೇಲೆ ಮೈಕು. ಗ್ರಂಥಪಾಲಕರು ಬೀದಿಯಲ್ಲಿ ಸಿಕ್ಕರೂ ಪಿಸುಮಾತಿನಲ್ಲೇ ಮಾತಾಡುವ ಮನುಷ್ಯ. ಅವರು ಕೇಳುತ್ತ ಹೋದರು, ಅತ್ತೆ ಹೇಳುತ್ತ ಹೋದರು. ನೆನೆಸಿ ಒಣಗಿಸದ ಬಟ್ಟೆಗೆ ಮಡಿಕೆ ಇಡಬಾರದು, ಆಮೇಲೆ ಬಿಚ್ಚಿದರೆ ಗೆರೆ ಉಳಿಯುತ್ತದೆ ಎಂಬುದನ್ನು ನನಗೂ ಹೇಳಿರಲಿಲ್ಲ, ಮೈಕಿಗೆ ಹೇಳಿದರು. ಕೊನೆಯಲ್ಲಿ ಗ್ರಂಥಪಾಲಕರು ಪ್ರತಿ ದಾಖಲೆಗೂ ಕೇಳುವ ಪ್ರಶ್ನೆ ಕೇಳಿದರು: ಇದನ್ನು ನಿಮಗೆ ಯಾರು ಕಲಿಸಿದ್ದು?

ಹೊಟ್ಟೆಪಾಡಿನ ಮಾತಿಗಾಗಿ ನಾನು ಕಾದೆ. ಅತ್ತೆ ಬಾಯಿ ತೆರೆದವರು ಮುಚ್ಚಿಕೊಂಡರು.

“ಇದು ಎಷ್ಟು ದಿನ ಇರುತ್ತೆ?” ಎಂದು ಕೇಳಿದರು.

“ನಾವೆಲ್ಲ ಹೋದ್ಮೇಲೂ ಇರುತ್ತಮ್ಮ.”

“ಹಾಗಾದ್ರೆ ಸರಿಯಾಗಿ ಬರ್ಕೊಳ್ಳಿ. ಮಡಿಕೆ ನಂದಲ್ಲ. ನಮ್ಮ ಓರಗಿತ್ತಿ ಕಲಿಸಿದ್ದು.”

ಓರಗಿತ್ತಿ ಎಂದರೆ ನನ್ನ ಮಾವನ ಅಣ್ಣನ ಹೆಂಡತಿ, ನನಗೆ ದೊಡ್ಡತ್ತೆ. ಒಂದೇ ಮನೆಯಲ್ಲಿದ್ದ ಇಬ್ಬರೂ ಬೇರೆಯಾಗುವಾಗ ಹೊಲಿಗೆ ಯಂತ್ರಕ್ಕಾಗಿ ಹಾವು ಮುಂಗುಸಿಗಳ ಹಾಗೆ ಕಾದಾಡಿದ್ದರಂತೆ. ನನ್ನದು ಎಂದು ಇವರು, ನನ್ನದು ಎಂದು ಅವರು. ಯಂತ್ರ ನಮ್ಮ ಕಡೆ ಉಳಿಯಿತು, ಮಾತು ಯಾರ ಕಡೆಯೂ ಉಳಿಯಲಿಲ್ಲ. ಮನೆತನದ ಮದುವೆಗಳಲ್ಲಿ ಇಬ್ಬರನ್ನೂ ಎದುರುಬದುರು ಮೂಲೆಯಲ್ಲಿ ಕೂರಿಸುವುದಕ್ಕೆ ಎರಡು ಮೂಲೆ ಹುಡುಕುವ ಕೆಲಸ ನನ್ನದೇ ಆಗಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಇನ್ನೊಂದು ನಿಯಮ ನೆನಪಾಯಿತು. ಮೂಲ ಸಿಗುವಂತಿದ್ದರೆ ಮೂಲಕ್ಕೇ ಹೋಗಬೇಕು. ಅದನ್ನು ಬಿಟ್ಟು, ಅದನ್ನು ಕೇಳಿ ಹೇಳಿದವರನ್ನು ಉಲ್ಲೇಖಿಸಬಾರದು. ದೊಡ್ಡತ್ತೆ ಊರಿನ ಇನ್ನೊಂದು ತುದಿಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಹಾಗಾದರೆ ಸೂಚಿಯಲ್ಲಿ ಬರಬೇಕಾದದ್ದು ಅವರ ಹೆಸರು. ನಿಜ ಹೇಳಿದ್ದಕ್ಕೇ ನಮ್ಮತ್ತೆಯ ಜಾಗ ಹೋಗಿತ್ತು. ಮೇಡಂ ಮನಸ್ಸು ಕರಗೀತು ಎಂದು ಅವರಿಗೂ ಹೇಳಿ ನೋಡಿದೆ. ಅವರು ಮೊದಲ ಸಲ ಕೆಂಪು ಪೆನ್ನನ್ನು ಕೆಳಗಿಟ್ಟು, ನಿಮ್ಮತ್ತೆ ಸುಳ್ಳು ಹೇಳಿದ್ದರೆ ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ ಎಂದರು. ಕರಗಿದ್ದು ಅಷ್ಟೇ. ನಿಯಮ ಇದ್ದಲ್ಲೇ ಇತ್ತು.

ಅತ್ತೆಗೆ ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವರೇ ಸೂಜಿಗೆ ದಾರ ಪೋಣಿಸುತ್ತ ಅಂದರು: “ಆ ಮೈಕಿನ ಮುಂದೆ ಕೂತಾಗ್ಲೇ ಗೊತ್ತಾಯ್ತು ಕಣೇ, ಹೆಸರು ಅವ್ರದ್ದೇ ಬರ್ಬೇಕು ಅಂತ. ಅವ್ರ ಮನೆಗೆ ಯಾವತ್ತು ಹೋಗೋಣ ಹೇಳು, ನಾನೂ ಬರ್ತೀನಿ.”

ನಮ್ಮತ್ತೆಯ ಜೊತೆ ನಾನು ಆಡಿದ ಜಗಳಗಳಿಗೆ ಲೆಕ್ಕವಿಲ್ಲ. ಆದರೆ ಆ ಹೊತ್ತು ಅವರ ಮೇಲೆ ಬಂದ ಪ್ರೀತಿ ನನ್ನ ಹೆತ್ತಮ್ಮನ ಮೇಲೂ ಅಷ್ಟು ಬಂದಿರಲಿಕ್ಕಿಲ್ಲ. ಹೇಳಲಿಲ್ಲ, ಹೇಳಿದ್ದರೆ ಏನೋ ಬೇಕಾಗಿದೆ ಇವಳಿಗೆ ಎಂದುಕೊಳ್ಳುತ್ತಿದ್ದರು.

ದೊಡ್ಡತ್ತೆಯ ಮನೆ ಎರಡನೆಯ ಮಹಡಿಯಲ್ಲಿ. ಬಾಗಿಲು ತೆರೆದವರು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೆಟ್ಲು ಹತ್ತೋಕೆ ಇಷ್ಟು ಏದುಸಿರಾ? ಒಳಗೆ ಬಾ, ಕೂತ್ಕೋ,” ಎಂದರು. ಕುರ್ಚಿಯ ಮೇಲಿದ್ದ ಮಡಚದ ಬಟ್ಟೆಗಳನ್ನು ತಾವೇ ಎತ್ತಿ ಜಾಗ ಮಾಡಿದರು. ನಾನು ಬಂದ ಕೆಲಸ ವಿವರಿಸಿದೆ. ದೊಡ್ಡತ್ತೆ ನಂಬಲಿಲ್ಲ. ಇವಳು ತನ್ನ ಬಾಯಿಂದ ಹಾಗೆ ಹೇಳಿದ್ದಳಾ, ಕೇಳಿಸು ನೋಡೋಣ ಎಂದರು. ಗ್ರಂಥಾಲಯದ ಧ್ವನಿಮುದ್ರಣದ ಪ್ರತಿ ನನ್ನ ಫೋನಿನಲ್ಲಿತ್ತು, ಹಾಕಿದೆ. ಮಡಿಕೆ ನಂದಲ್ಲ ಎಂಬಲ್ಲಿಗೆ ಬಂದಾಗ ಅತ್ತೆ ಕಿಟಕಿಯ ಕಡೆ ತಿರುಗಿದರು. ಮುಗಿದ ಮೇಲೆ ದೊಡ್ಡತ್ತೆ ಇನ್ನೊಂದು ಸಲ ಹಾಕು ಎಂದರು.

ಆಮೇಲೆ ನನ್ನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. “ಈಗ ನಂದು ಬರ್ಕೋ. ಕೆಳಗಂಚಿನ ಮಡಿಕೆ ನಾನು ಕಲಿಸಿದ್ದು, ಹೌದು. ಸೊಂಟದ ಪಟ್ಟಿಯೊಳಗಿಂದು ಇವಳ ತಲೆ. ನನ್ನ ಫ್ರಾಕು ಕೆಳಗೆ ಬೆಳೀತಿತ್ತು, ಸೊಂಟ ಮಾತ್ರ ಮಗುವಿನ ಕಂಕುಳಿಗೆ ಬರ್ತಿತ್ತು. ಇವಳು ಹೊಲಿದಿದ್ದನ್ನ ಕದ್ದು ಬಿಚ್ಚಿ ನೋಡಿ ನಾನೂ ಕಲ್ತೆ. ಯಾರಿಗೂ ಹೇಳ್ಲಿಲ್ಲ.”

“ಸುಮ್ನಿರಿ ಅಕ್ಕ, ಅದೂ ನಿಮ್ದೇ,” ಎಂದರು ಅತ್ತೆ.

“ನಿಂದು ಅಂದ್ನಲ್ಲ.”

“ನಿಮ್ಮನ್ನ ನೋಡಿರದಿದ್ರೆ ನನಗೆಲ್ಲಿ ಹೊಳೀತಿತ್ತು? ನಿಮ್ದೇ.”

ಹೀಗೇ ಸಾಗಿತು. ಒಮ್ಮೆ ನನ್ನದು ನನ್ನದು ಎಂದು ಮನೆ ಮುರಿದುಕೊಂಡ ಇಬ್ಬರು ಈಗ ನಿನ್ನದು ನಿಮ್ಮದು ಎಂದು ದನಿ ಏರಿಸಿ ಕಿತ್ತಾಡುತ್ತಿದ್ದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಫೋನಿನ ಧ್ವನಿಮುದ್ರಣ ನಿಲ್ಲಿಸುವುದನ್ನೇ ಮರೆತೆ. ಆ ಜಗಳವೂ ಈಗ ಗ್ರಂಥಾಲಯದಲ್ಲಿ ಕ್ರಮಸಂಖ್ಯೆ ಪಡೆದು ಕೂತಿದೆ.

ಅಧ್ಯಾಯವನ್ನು ಮತ್ತೆ ಬರೆದೆ. ಕೆಳಗಂಚಿಗೆ ಒಬ್ಬರು, ಸೊಂಟಕ್ಕೆ ಇನ್ನೊಬ್ಬರು. ಇಬ್ಬರ ಮನೆತನದ ಹೆಸರೂ ಒಂದೇ ಆದ್ದರಿಂದ ಅಕ್ಷರ ಕ್ರಮದ ಸೂಚಿಯಲ್ಲಿ ಅವರು ಒಬ್ಬರ ಕೆಳಗೊಬ್ಬರು ಬಂದರು. ಮೇಡಂ ಕೆಂಪು ಪೆನ್ನು ಹಿಡಿದು ಆ ಎರಡು ಸಾಲನ್ನು ಬಹಳ ಹೊತ್ತು ನೋಡಿ, ಏನೂ ಬರೆಯದೆ ಪುಟ ತಿರುಗಿಸಿದರು.

ರಟ್ಟು ಹಾಕಿದ ಪ್ರತಿಯನ್ನು ಅತ್ತೆಯ ಕೈಗೆ ಕೊಟ್ಟಾಗ ಒಬ್ಬ ಗಿರಾಕಿ ಅಳತೆಗೆ ನಿಂತಿದ್ದಳು. ಅತ್ತೆ ಟೇಪನ್ನು ಅವಳ ಕೊರಳಿಗೇ ಬಿಟ್ಟು, ಕೊನೆಯ ಪುಟ ತೆಗೆದು, ಬೆರಳಿಟ್ಟು ಹುಡುಕಿದರು. ಇನ್ನು ಬೀದಿಗೆಲ್ಲ ಕೇಳುವ ಹಾಗೆ ತಮ್ಮ ಹೆಸರು ಓದುತ್ತಾರೆ ಎಂದುಕೊಂಡೆ. ಅವರು ಫೋನು ಎತ್ತಿಕೊಂಡರು.

“ಅಕ್ಕಾ, ಪುಸ್ತಕ ಬಂತು. ನಿಮ್ಮ ಹೆಸರು ಬಂದಿದೆ, ಓದ್ತೀನಿ ಕೇಳಿ,” ಎಂದು ಕಂಸ, ಚುಕ್ಕೆ, ಕ್ರಮಸಂಖ್ಯೆ ಯಾವುದನ್ನೂ ಬಿಡದೆ ದೊಡ್ಡತ್ತೆಯ ಸಾಲನ್ನು ಪೂರ್ತಿ ಓದಿದರು. ಆ ಕಡೆಯಿಂದ ಏನೋ ಕೇಳಿದರು.

“ನಾನಾ?” ಎಂದರು ಅತ್ತೆ. “ಇದ್ದೀನಿ ಅಕ್ಕ. ನಿಮ್ಮ ಪಕ್ಕದಲ್ಲೇ ಇದ್ದೀನಿ.”