ಮುದ್ರೆಯಿಲ್ಲದ ತಕ್ಕಡಿ

ಅಂಗಡಿ ಅಂಗಡಿ ತಿರುಗಿ, ತಕ್ಕಡಿಗಳನ್ನು ಪರೀಕ್ಷಿಸಿ, ಸರ್ಕಾರಿ ಮುದ್ರೆ ಹಾಕುವುದು ನನ್ನ ಕೆಲಸ. ವ್ಯಾಪಾರಿಗಳು ಬೆನ್ನ ಹಿಂದೆ ‘ಗ್ರಾಂ ಸಾಹೇಬ’ ಅನ್ನುತ್ತಾರೆ. ಅದನ್ನು ಹೊಗಳಿಕೆ ಎಂದೇ ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದಿದ್ದೇನೆ. ಇಂಥವನಿಗೆ ಐದು ಜನಕ್ಕೆ ಪಾಸ್ತಾ ಬೇಯಿಸುವುದು ಯಾವ ಮಹಾ ಲೆಕ್ಕ?

ನನ್ನ ಹೆಂಡತಿ ನರ್ಸ್. ಆಪರೇಷನ್ ಥಿಯೇಟರ್ ಕೆಲಸದ ತರಬೇತಿಗೆ ಅವಳು ಆರು ವರ್ಷದಿಂದ ಕಾದಿದ್ದಳು. ಒಂದು ತಿಂಗಳು ಬೇರೆ ಊರಲ್ಲಿರಬೇಕು. ಅರ್ಜಿ ಕೊಡಲು ಸೋಮವಾರ ಕಡೇ ದಿನ. ಭಾನುವಾರ ಬೆಳಗ್ಗೆಯೂ ಅದು ಸಹಿಯಿಲ್ಲದೆ ಫ್ರಿಜ್ ಮೇಲೆ ಬಿದ್ದಿತ್ತು.

“ನೀವು ಮಕ್ಕಳಿಗೆ ಏನು ಮಾಡಿ ಹಾಕ್ತೀರ ಅಂತ ನೆನೆಸ್ಕೊಂಡ್ರೆ ಪೆನ್ನೇ ಓಡಲ್ಲ ರೀ.”

“ಇವತ್ತು ಮಧ್ಯಾಹ್ನದ ಅಡುಗೆ ನಂದು. ಎಲ್ಲರ ಹೊಟ್ಟೆ ತುಂಬಿದ್ರೆ ಸಹಿ ಹಾಕ್ತೀಯಾ?”

“ಹಾಕ್ತೀನಿ.”

ಪೇಪರ್ ಓದುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. “ಬೆಂಕಿಪೊಟ್ಟಣ ಎಲ್ಲಿದೆ ಅಂತಾದ್ರೂ ಗೊತ್ತೇನಮ್ಮಾ ಅಳಿಯಂದಿರಿಗೆ?”

ಒಬ್ಬರಿಗೆ ಎಂಬತ್ತು ಗ್ರಾಂ ಒಣ ಪಾಸ್ತಾ, ಐವರಿಗೆ ನಾನೂರು. ದೊಡ್ಡ ಮಗಳು ಅಡುಗೆಮನೆಯ ಪುಟ್ಟ ತಕ್ಕಡಿ ತಂದಿಟ್ಟಳು. ಮಗುಚಿ ನೋಡಿದೆ. ಮುದ್ರೆ ಇಲ್ಲ!

“ಇದು ನಡೆಯಲ್ಲ. ತೆಗೆದುಕೊಂಡು ಹೋಗು.”

“ಅಪ್ಪಾ, ನಾಲ್ಕು ವರ್ಷದಿಂದ ಅಮ್ಮ ಇದರಲ್ಲೇ ತೂಗಿ ಕೇಕ್ ಮಾಡ್ತಾಳೆ. ನೀನು ಮೂರು ಮೂರು ಪೀಸ್ ತಿಂತೀಯ.”

“ಗೊತ್ತಿರಲಿಲ್ಲ, ತಿಂದೆ,” ಎಂದೆ ಗಂಭೀರವಾಗಿ.

ಡ್ರಾಯರ್ ತಡಕಾಡಿದಾಗ ಪಾಸ್ತಾದ ಖಾಲಿ ಪೊಟ್ಟಣವೊಂದು ಸಿಕ್ಕಿತು. ಅದರ ಹಿಂದೆ ‘ಒಂದು ಕಪ್ ಅಂದರೆ ನೂರ ಹದಿನೈದು ಗ್ರಾಂ’ ಎಂದು ಅಚ್ಚಾಗಿತ್ತು. ಹಾಗಾದರೆ ಮೂರೂವರೆ ಕಪ್ ಸಾಕು. ಆದರೆ ಕಪ್ಪನ್ನು ನಂಬುವುದು ಹೇಗೆ? ಆಫೀಸ್ ಬ್ಯಾಗಿನಿಂದ ಅಳತೆಯ ಗಾಜಿನ ಕೊಳವೆ ತೆಗೆದು, ನೀರು ಸುರಿದು, ಮೂರು ಸಲ ಪರೀಕ್ಷಿಸಿದೆ. ಒಂದು ಹನಿ ಆಚೀಚೆ ಇಲ್ಲ. ಡಬ್ಬದಿಂದ ಪಾಸ್ತಾ ತುಂಬಿ, ಕಪ್ಪಿನ ಬಾಯಿಯ ಮೇಲೆ ಸ್ಕೇಲ್ ಎಳೆದು ಮಟ್ಟ ಕೂಡ ಮಾಡಿದೆ. ನನ್ನ ಮೇಲಧಿಕಾರಿ ಪಕ್ಕದಲ್ಲಿ ಇರಬೇಕಿತ್ತು ಎನಿಸಿತು.

ಬಡಿಸುವಾಗ ಮೂರನೇ ತಟ್ಟೆಗೇ ಸೌಟು ಪಾತ್ರೆಯ ತಳ ಕೆರೆಯತೊಡಗಿತು. ನನ್ನ ಪಾಲಿಗೆ ಬಂದದ್ದನ್ನು ಚಿಕ್ಕ ಮಗಳು ಎಣಿಸಿದಳು. “ಅಪ್ಪಂಗೆ ಒಂಬತ್ತೇ!”

“ಇದು ರುಚಿ ನೋಡೋಕಾ ಅಳಿಯಂದಿರೇ? ಊಟ ಯಾವಾಗ?” ಎಂದರು ಅತ್ತೆ.

ಹೆಂಡತಿ ನಗಲಿಲ್ಲ. ಅವಳ ಕಣ್ಣು ಒಮ್ಮೆ ಫ್ರಿಜ್ ಕಡೆ ಹೋಗಿ ಬಂತು. ನಾನು ಕಪ್ಪನ್ನು ತಂದು ಅವಳ ಮುಂದಿಟ್ಟೆ.

“ಕಪ್ ಸರಿಯಾಗಿದೆ! ಮೂರು ಸಲ ನೋಡಿದೀನಿ!”

ಅವಳು ಪಾಸ್ತಾದ ಒಂದು ದಪ್ಪ ಕೊಳವೆಯನ್ನು ಫೋರ್ಕಿನಲ್ಲಿ ಎತ್ತಿ ಹಿಡಿದಳು. “ಆ ಪೊಟ್ಟಣ ಸಣ್ಣ ಪಾಸ್ತಾದು ರೀ. ಡಬ್ಬದಲ್ಲಿರೋದು ಇದು. ಇದನ್ನ ಕಪ್ಪಲ್ಲಿ ತುಂಬಿದ್ರೆ ಬರೀ ಗಾಳಿ.”

ಗಾಳಿ! ಹೋದ ವಾರವಷ್ಟೇ ಚಿಪ್ಸ್ ಅಂಗಡಿಯವನಿಗೆ “ಗಾಳಿ ಮಾರ್ತೀರೇನ್ರೀ?” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದೆ.

ತೆಪ್ಪಗೆ ಎದ್ದು ಆ ತಕ್ಕಡಿ ತಂದೆ. ಆಫೀಸಿನ ಇನ್ನೂರು ಗ್ರಾಂ ತೂಕದ ಬಟ್ಟು ಇಟ್ಟೆ. ಇನ್ನೂರು ತೋರಿಸಿತು, ನಿರಪರಾಧಿ. ಒಂದು ಕಪ್ ದಪ್ಪ ಪಾಸ್ತಾ ಸುರಿದೆ. ಎಪ್ಪತ್ತೈದು. ಹೆಚ್ಚುಕಡಿಮೆ ಇಬ್ಬರ ಊಟವನ್ನೇ ನಾನು ನುಂಗಿದ್ದೆ.

“ಹದಿನೈದು ನಿಮಿಷ ಯಾರೂ ಏಳಬೇಡಿ,” ಎಂದು ಕೈಮುಗಿದು, ಇನ್ನೂರು ಗ್ರಾಂ ತೂಗಿ ಮತ್ತೆ ಬೇಯಲು ಇಟ್ಟೆ. ಯಾರೂ ಏಳಲಿಲ್ಲ. ಎರಡನೇ ಸಲ ಬಡಿಸುತ್ತಾ ಹೋದಾಗ ಅತ್ತೆ ಕೊನೆಗೆ ತಟ್ಟೆಗೆ ಕೈ ಅಡ್ಡ ಹಿಡಿದರು. “ಸಾಕಪ್ಪಾ, ಸಾಕು.”

ಹೆಂಡತಿ ಎದ್ದು ಅರ್ಜಿ ತಂದಳು. ಅಷ್ಟರಲ್ಲಿ ಚಿಕ್ಕವಳು ತನ್ನ ಪುಸ್ತಕದಿಂದ ಬಂಗಾರದ ಬಣ್ಣದ ಎರಡು ನಕ್ಷತ್ರ ಕಿತ್ತುಕೊಂಡು ಬಂದು, ಒಂದನ್ನು ತಕ್ಕಡಿಗೆ ಅಂಟಿಸಿದಳು.

“ಇದಕ್ಕೆ ಮುದ್ರೆ ಆಯ್ತು. ಇನ್ನೊಂದು ಅಪ್ಪಂಗೆ ಹಾಕ್ಲಾ?”

“ಅಪ್ಪಂಗೆ ಈಗಲೇ ಬೇಡ,” ಎಂದಳು ಹೆಂಡತಿ, ಸಹಿ ಹಾಕುತ್ತಾ. “ಒಂದು ತಿಂಗಳು ಪರೀಕ್ಷೆ ಮಾಡಿ, ಆಮೇಲೆ.”