ಹೆಡ್ ಮಾಸ್ಟರರ ಪರವಾಗಿ ಹೆಬ್ಬೆಟ್ಟು

ಇದನ್ನು ಹೇಳುವಷ್ಟು ದೊಡ್ಡವನು ನಾನಲ್ಲ; ಸಂಜೆ ಕಾಲೇಜಿನಲ್ಲಿ ಓದಿ ಶಾಲೆಯ ಗುಮಾಸ್ತನಾದವನು. ತಪ್ಪಿದ್ದರೆ ಮನ್ನಿಸಬೇಕು.

೧೯೮೩ರಲ್ಲಿ ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ನಮ್ಮ ಶಾಲೆಗೆ ಹೆಡ್ ಮಾಸ್ಟರ್ ಚೆನ್ನಕೇಶವ ಅವರು ಹೊಸ ನಿಯಮ ತಂದರು. ಒಂಬತ್ತೂವರೆ ದಾಟಿ ಬಂದವರ ಹೆಸರನ್ನು ನಾನು ಗೇಟಿನಲ್ಲಿ ಲೇಟ್ ಪುಸ್ತಕಕ್ಕೆ ಬರೆಯಬೇಕು. ಮನೆಯ ಹಿರಿಯರು ಬಂದು ಸಹಿ ಹಾಕುವ ತನಕ ಹಾಜರಿ ಇಲ್ಲ. ಗೇಟಿನ ಗಡಿಯಾರವನ್ನು ದಿನಾ ಬೆಳಿಗ್ಗೆ ಗಣಿಯ ಸೈರನ್ ಕೇಳಿ ನಾನೇ ಸರಿಮಾಡುತ್ತಿದ್ದೆ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಬರುತ್ತಿದ್ದ ಹತ್ತನೆಯ ತರಗತಿಯ ಮುತ್ಯಾಲಮ್ಮ ಒಂದು ಸೋಮವಾರ ತಡವಾಗಿ ಬಂದಳು. ಜ್ವರದಿಂದ ಮಲಗಿದ್ದವಳ ಹಾಜರಿ ಮೊದಲೇ ಅಂಚಿನಲ್ಲಿತ್ತು. ಬುಧವಾರ ಪರೀಕ್ಷೆಗೆ ಕೂರುವವರ ಪಟ್ಟಿ ಕಳಿಸಬೇಕು. ಇನ್ನೊಂದು ದಿನ ತಪ್ಪಿದರೂ ಪರೀಕ್ಷೆಗೆ ಕೂರುವಂತಿಲ್ಲ.

ಮಂಗಳವಾರ ಅವಳ ಅಪ್ಪ ಸೊಣ್ಣಪ್ಪ ಸಹಿ ಹಾಕಲು ಮಗಳ ಜೊತೆ ಬಂದರು. ಅದೇ ರೈಲು. ಹನ್ನೆರಡು ನಿಮಿಷ ತಡ.

“ತಡವಾಗಿ ಬಂದವರ ಸಹಿ ನಡೆಯಲ್ಲ. ನಿಮ್ಮ ಹಿರಿಯರನ್ನು ಕರ್ಕೊಂಡು ಬನ್ನಿ,” ಎಂದರು ಹೆಡ್ ಮಾಸ್ಟರ್.

“ಸಾ, ಸ್ಟೇಸನ್ ಗಡಿಯಾರದಾಗೆ ಇನ್ನೂ ಟೈಮ್ ಇತ್ತು ಸಾ. ನಂಗೆ ನಲವತ್ತೆರಡು ವರ್ಸ!”

“ನಿಯಮದಲ್ಲಿ ವಯಸ್ಸಿನ ಮಾತಿಲ್ಲ.”

ಮಗಳ ಹೆಸರಿನ ಕೆಳಗೆ ಸೊಣ್ಣಪ್ಪನವರ ಹೆಸರು ಬರೆದೆ. ತರಗತಿಯ ಕಾಲಂ ಖಾಲಿ ಬಿಡಲು ಮನಸ್ಸು ಒಪ್ಪದೆ, ಕೇಳಿಕೊಂಡು ‘ನಾಲ್ಕನೆಯದು, ಪಾಸು’ ಎಂದು ತುಂಬಿದೆ.

ಬುಧವಾರ ಸೊಣ್ಣಪ್ಪನವರ ತಾಯಿ ಅಕ್ಕಯ್ಯಮ್ಮನೂ ಬಂದರು. ಮೂವರೂ ಅದೇ ರೈಲು, ಅದೇ ಹನ್ನೆರಡು ನಿಮಿಷ. ಅವರ ಹಿಂದೆಯೇ ಬೆವರು ಒರೆಸಿಕೊಳ್ಳುತ್ತ ಹೆಡ್ ಮಾಸ್ಟರ್! ಹಿಂದಿನ ಸಂಜೆ ಆಫೀಸು ಕೆಲಸಕ್ಕೆ ಹೋಗಿ ಬಂಗಾರಪೇಟೆಯಲ್ಲೇ ಉಳಿದು, ಅದೇ ರೈಲಿಗೆ ಬಂದರಂತೆ. ನಾಲ್ಕು ಹೆಸರೂ ಬರೆದೆ.

“ನನ್ನದೂ ಬರೆದ್ರೇನ್ರಿ?”

“ನಿಯಮ ಸಾರ್…”

ಅವರು ಪುಸ್ತಕ ನೋಡಿ ಗಂಭೀರವಾಗಿ, “ಸರಿಯಾಗಿದೆ. ಹಾಗಾದರೆ ಇವತ್ತು ನನ್ನ ಸಹಿಯೂ ನಡೆಯಲ್ಲ,” ಎಂದರು. ಪಟ್ಟಿಗೆ ಸಹಿ ಹಾಕಬೇಕಾದವರು ಅವರೇ. ಮುತ್ಯಾಲಮ್ಮ ಅಳತೊಡಗಿದಳು.

“ರೈಲಾಗೆ ಕಡ್ಲೇಕಾಯ್ ಕೊಟ್ರೆ ಚೆನ್ನಾಗೇ ತಿಂದ್ಯಲ್ಲಪ್ಪಾ! ಈಗ ಇಂಗಂದ್ರೆ?” ಎಂದರು ಅಕ್ಕಯ್ಯಮ್ಮ.

“ಅಜ್ಜಿ, ನೀವೂ ತಡ. ನಿಮ್ಮ ಹಿರಿಯರು ಎಲ್ಲಿ?”

“ನಮ್ಮವ್ವ ಓಗಿ ಮೂವತ್ತ್ ವರ್ಸ ಆತು. ಅವಳ್ನ ಕರ್ಕೊಂಬರಾಕೆ ಯಾವ ರೈಲ್ ಐತೆ, ನೀನೇ ಏಳು!”

ಹೆಡ್ ಮಾಸ್ಟರ್ ಲೇಟ್ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. “ಬರೆದುಕೊಳ್ರಿ. ಕರೆತರಲು ಹಿರಿಯರೇ ಇಲ್ಲದವರು ನಿಯಮದ ಪ್ರಕಾರ ತಡವಾಗಲು ಸಾಧ್ಯವಿಲ್ಲ. ಅಜ್ಜಿ ಸರಿಯಾದ ಸಮಯಕ್ಕೆ ಬಂದಿದ್ದಾರೆ.”

ಅಜ್ಜಿ ಮಗನಿಗೂ ಮೊಮ್ಮಗಳಿಗೂ ಹೆಬ್ಬೆಟ್ಟು ಒತ್ತಿ, ಹೆಡ್ ಮಾಸ್ಟರರತ್ತ ತಲೆಯೆತ್ತಿದರು. “ನಿಮ್ಮವ್ವ ಅವ್ರಾ ಮಗಾ?”

“ಊರಲ್ಲಿದ್ದಾರೆ. ದೂರ.”

“ಸರಿ ಬಿಡು, ನಿಂದೂ ಒತ್ತೀನಿ. ನಾಳಿಂದ ಬಿರ್ನೆ ಏಳು.”

ಹೆಡ್ ಮಾಸ್ಟರ್ ತಲೆಯಾಡಿಸಿ, ತಮ್ಮ ಹೆಸರಿಗೂ ಹೆಬ್ಬೆಟ್ಟು ಬಿದ್ದ ಮೇಲೆ ಪಟ್ಟಿಗೆ ಸಹಿ ಹಾಕಿದರು. ಮುತ್ಯಾಲಮ್ಮ ಪರೀಕ್ಷೆ ಬರೆದಳು.

ಗಣಿಯಲ್ಲಿ ಸೈರನ್ ಕೂಗಿಸುವವರು ಯಾವ ಗಡಿಯಾರ ನೋಡುತ್ತಿದ್ದರೆಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ. ಆ ಮೂರು ದಿನ ರೈಲು ತಡವಾಗಿತ್ತೋ, ನನ್ನ ಗಡಿಯಾರವೇ ಹನ್ನೆರಡು ನಿಮಿಷ ಮುಂದಿತ್ತೋ, ನನಗೆ ಗೊತ್ತಿಲ್ಲ.